ಸಂಗೀತಶಾಲೆಯ ಹಳೆಯ ವಿದ್ಯಾರ್ಥಿಗಳು

(ಬಾನುಲಿ ಭಾಷಣ)

ವಿಶ್ವವಿದ್ಯಾಲಯಗಳ ಸಂಗೀತ ವಿಭಾಗದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: ಅಲ್ಲಿ ಕಲಿತವರು ಮುಂದೆ ಏನಾದರು? ವೈದ್ಯಶಾಸ್ತ್ರ ಓದಿದವನು ವೈದ್ಯನಾಗುತ್ತಾನೆ. ನ್ಯಾಯಶಾಸ್ತ್ರ ಓದಿದವನು ಕರಿಯ ಕೋಟು ತೊಟ್ಟು ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ. ಹಾಗೆಯೇ ಸಂಗೀತದಲ್ಲಿ ಎಂ.ಎ. ಮಾಡಿದವನು ಗವಾಯಿಯಾಗಲೇಬೇಕಲ್ಲವೆ ಎಂದು ಲೋಕ ಲೆಕ್ಕ ಹಾಕುತ್ತದೆ. ಹತ್ತು ವರ್ಷ ಕಳೆದರೂ ಅವನು ವೇದಿಕೆಯ ಮೇಲೆ ಕಾಣಿಸಿಕೊಳ್ಳದಿದ್ದರೆ, ಕಲಿತದ್ದೆಲ್ಲ ವ್ಯರ್ಥವಾಯಿತಲ್ಲ ಎಂದು ಮರುಗುತ್ತದೆ. ಮಗಳಿಗೆ ಒಳ್ಳೆಯ ಕಂಠವಿದೆ, ಆದರೆ ಸಂಗೀತವನ್ನೇ ಪದವಿಗೆ ಓದಿಸಲೇ ಬೇಡವೇ ಎಂದು ತೂಗಿನೋಡುವ ತಾಯಿತಂದೆಯರ ಮನಸ್ಸಿನಲ್ಲಿ ಇರುವುದೂ ಇದೇ ಪ್ರಶ್ನೆ.

ಇದಕ್ಕೆ ಎರಡು ಸಿದ್ಧ ಉತ್ತರಗಳುಂಟು. ಒಂದು, ಸಂಪ್ರದಾಯಸ್ಥರದು. ಸಂಗೀತವೇನಿದ್ದರೂ ಗುರುಮನೆಯಲ್ಲಿ ಬರುವ ವಿದ್ಯೆ; ಗಂಟೆ ಬಾರಿಸಿ, ಹಾಜರಿ ಕರೆದು ಕಲಿಸುವ ಸ್ಥಳದಲ್ಲಿ ಅದು ಹುಟ್ಟುವುದೂ ಇಲ್ಲ, ಬೆಳೆಯುವುದೂ ಇಲ್ಲ ಎಂಬುದು ಅವರ ನಿಲುವು. ಇನ್ನೊಂದು, ಸಂಸ್ಥೆಗಳನ್ನು ನಡೆಸುವವರದು. ಅವರು ತಮ್ಮಲ್ಲಿ ಕಲಿತು ಹೆಸರಾದ ಇಬ್ಬರು ಮೂವರನ್ನು ಬೆರಳು ಮಡಿಚಿ ಎಣಿಸಿ ತೋರಿಸುತ್ತಾರೆ. ವಾರ್ಷಿಕೋತ್ಸವದ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುವುದು ಆ ಹೆಸರುಗಳೇ. ಈ ಎರಡು ಉತ್ತರಗಳಿಗೂ ಒಂದು ಸಮಾನವಾದ ಕೊರತೆಯಿದೆ. ಹೆಸರಾಗದ ಉಳಿದ ವಿದ್ಯಾರ್ಥಿಗಳನ್ನು ಎರಡೂ ಕಡೆಯವರು ಗಣನೆಗೆ ತಂದುಕೊಳ್ಳುವುದಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಆ ಹಳೆಯ ವಿದ್ಯಾರ್ಥಿಗಳ ವಿಚಾರವನ್ನು. ಅದಕ್ಕೆ ಒಂದು ಹಳೆಯ ಶಾಲೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಅಲ್ಲಿಂದ ಹೊರಟವರು ಎಲ್ಲೆಲ್ಲಿ ಹೋಗಿ ಏನೇನು ಮಾಡಿದರೆಂದು ನೋಡುವುದು ಒಳ್ಳೆಯದು. ಆ ಶಾಲೆ ಇದ್ದದ್ದು ನಮ್ಮಿಂದ ಬಹುದೂರದ ಲಖನೌದಲ್ಲಿ. ಆದರೆ ಅದರ ಕಥೆಯಲ್ಲಿ ಕನ್ನಡ ನೆಲದ ಮಕ್ಕಳ ಪಾತ್ರ ಸಣ್ಣದಲ್ಲ.

ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು ಮುಂಬಯಿಯವರು, 1860ರಲ್ಲಿ ಹುಟ್ಟಿದವರು, ವೃತ್ತಿಯಿಂದ ವಕೀಲರು. ಹಿಂದೂಸ್ಥಾನಿ ಸಂಗೀತಕ್ಕೆ ಒಂದು ಶಾಸ್ತ್ರದ ಚೌಕಟ್ಟು ಬೇಕೆಂಬ ಹಂಬಲದಿಂದ ಅವರು ದೇಶವನ್ನೆಲ್ಲ ಸುತ್ತಿದರು. 1904ರಲ್ಲಿ ದಕ್ಷಿಣಕ್ಕೆ ಬಂದು ಎಟ್ಟಯಪುರದ ಸುಬ್ಬರಾಮ ದೀಕ್ಷಿತರನ್ನು ಕಂಡರು. ವೆಂಕಟಮಖಿಯ ಮೇಳಪದ್ಧತಿಯನ್ನು ಅರಿತುಕೊಂಡರು. ಆ ಅರಿವು ಮುಂದೆ ಉತ್ತರಾದಿಯ ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸುವ ಅವರ ಕೆಲಸಕ್ಕೆ ಒದಗಿಬಂತು. ಚೀಜುಗಳನ್ನು ಮನೆತನದ ಒಡವೆಯಂತೆ ಮುಚ್ಚಿಟ್ಟುಕೊಂಡಿದ್ದ ಉಸ್ತಾದರಿಂದ, ಒಬ್ಬರನ್ನು ಬೇಡಿ, ಇನ್ನೊಬ್ಬರಿಗೆ ಶಿಷ್ಯನಾಗಿ, ಅವುಗಳನ್ನು ಸಂಗ್ರಹಿಸಿ, ಸ್ವರಲಿಪಿಯಲ್ಲಿ ಬರೆದು ಆರು ಸಂಪುಟಗಳ ‘ಕ್ರಮಿಕ ಪುಸ್ತಕ ಮಾಲಿಕೆ’ಯಾಗಿ ಹೊರತಂದರು. 1916ರಲ್ಲಿ ಬರೋಡಾದಲ್ಲಿ ಸೇರಿದ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ಅವರ ಶ್ರಮದ ಫಲವೇ. ಸಂಗೀತಕ್ಕೊಂದು ರಾಷ್ಟ್ರೀಯ ಶಾಲೆ ಬೇಕೆಂದು ಸಮ್ಮೇಳನಗಳಲ್ಲಿ ಆಡಿದ ಮಾತು 1926ರಲ್ಲಿ ಲಖನೌದಲ್ಲಿ ಕೈಗೂಡಿತು. ಆಗಿನ ಗವರ್ನರರ ಹೆಸರಿನಿಂದ ಅದನ್ನು ಮ್ಯಾರಿಸ್ ಕಾಲೇಜು ಎಂದು ಕರೆದರು. ಕೆಲಕಾಲದಲ್ಲಿ ಅದು ಕೈಸರ್‌ಬಾಗಿನ ಪರೀಖಾನೆಗೆ, ಎಂದರೆ ನವಾಬ ವಾಜಿದ್ ಅಲಿ ಶಾಹನ ಕಾಲದಲ್ಲಿ ಹಾಡು ಕುಣಿತಗಳು ನಡೆಯುತ್ತಿದ್ದ ಕಟ್ಟಡಕ್ಕೆ ಬಂದು ಸೇರಿತು. 1966ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಭಾತಖಂಡೆಯವರ ಹೆಸರಿಟ್ಟಿತು. 2000ದಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಬಂತು. 2022ರಲ್ಲಿ ಅದು ರಾಜ್ಯದ ಸಂಸ್ಕೃತಿ ವಿಶ್ವವಿದ್ಯಾಲಯವೇ ಆಯಿತು.

ಭಾತಖಂಡೆಯವರು ಶಾಲೆಯನ್ನು ಕಟ್ಟಿದ ಉದ್ದೇಶ ಗವಾಯಿಗಳನ್ನು ಸಾಲಾಗಿ ತಯಾರುಮಾಡುವುದಾಗಿರಲಿಲ್ಲ. ಸಂಗೀತ ಕೆಲವೇ ಮನೆತನಗಳ ಸೊತ್ತಾಗಿ, ಆ ಮನೆತನಗಳೊಡನೆಯೇ ಅಳಿದುಹೋಗದಂತೆ, ಓದುಬರಹ ಬಲ್ಲ ಸಾಮಾನ್ಯ ಜನರ ಕೈಗೆ ಬರಬೇಕು ಎಂಬುದು ಅವರ ಆಸೆ. ತಾನ್‌ಸೇನರು ಹುಟ್ಟದಿದ್ದರೂ ಚಿಂತೆಯಿಲ್ಲ, ಕಾನ್‌ಸೇನರು, ಎಂದರೆ ಕಿವಿಯುಳ್ಳವರು, ಹುಟ್ಟಲಿ ಎಂಬ ಮಾತು ಆ ಕಾಲದ ಸಂಗೀತಶಾಲೆಗಳ ಸುತ್ತ ಬಳಕೆಯಲ್ಲಿತ್ತು. ಈ ಮಾತನ್ನು ಕೆಲವರು ಹಂಗಿಸುವುದಕ್ಕೂ ಬಳಸಿದರು. ಆದರೆ ಅದರ ಒಳಗೊಂದು ವಿವೇಕವಿದೆ. ಕೇಳುವ ಕಿವಿಗಳಿಲ್ಲದ ಊರಿನಲ್ಲಿ ತಾನ್‌ಸೇನನೇ ಬಂದು ಹಾಡಿದರೂ ಗಾಳಿಗೆ ಹಾಡಿದಂತೆಯೇ.

ಇನ್ನು ಶಾಲೆ ನಡೆದ ಬಗೆ. ಭಾತಖಂಡೆಯವರ ಶಿಷ್ಯರೂ, ಬರೋಡಾದಲ್ಲಿ ಉಸ್ತಾದ್ ಫೈಯಾಜ್ ಖಾನರಿಂದ ತಾಲೀಮು ಪಡೆದವರೂ ಆದ ಶ್ರೀಕೃಷ್ಣ ನಾರಾಯಣ ರತನ್‌ಜನಕರ್ ಅಲ್ಲಿಗೆ ಅಧ್ಯಾಪಕರಾಗಿ ಬಂದು, ಬಹುಬೇಗ ಪ್ರಾಂಶುಪಾಲರಾದರು. ಶಿಷ್ಯರ ಬಾಯಲ್ಲಿ ಅವರು ಅಣ್ಣಾಸಾಹೇಬರು. ಸುಮಾರು ಮೂರು ದಶಕಗಳ ಕಾಲ ಆ ಕಾಲೇಜು ಅವರ ಬೆನ್ನಿನ ಮೇಲೆ ನಿಂತಿತು. ಸಂಸ್ಥೆಗೆ ಹಣದ ಮುಗ್ಗಟ್ಟು ತಪ್ಪಿದ ವರ್ಷವೇ ಅಪರೂಪ. ಕಾಲೇಜಿನಲ್ಲಿ ವೇಳಾಪಟ್ಟಿಯಿತ್ತು, ಪಠ್ಯಕ್ರಮವಿತ್ತು, ಪರೀಕ್ಷೆಯಿತ್ತು. ಆದರೆ ಸಂಜೆ ಕಾಲೇಜಿನ ಬಾಗಿಲು ಮುಚ್ಚಿದ ಮೇಲೆ ಅಣ್ಣಾಸಾಹೇಬರ ಮನೆಯ ಬಾಗಿಲು ತೆರೆದಿರುತ್ತಿತ್ತು. ಕೆಲವು ವಿದ್ಯಾರ್ಥಿಗಳು ಆ ಮನೆಯಲ್ಲೇ ಉಂಡು, ಅಲ್ಲಿಯೇ ಮಲಗಿ, ಅವರ ತಂಬೂರಿಯ ಹಿಂದೆ ಕೂತು ಕಲಿತರು. ಗುರುಕುಲವೋ ಕಾಲೇಜೋ ಎಂದು ನಾವು ಎರಡು ಪಕ್ಷ ಕಟ್ಟಿಕೊಂಡು ವಾದಿಸುತ್ತೇವೆ. ಲಖನೌದಲ್ಲಿ ಕಾಲೇಜಿನ ಹಿಂದೆಯೇ ಒಂದು ಗುರುಕುಲವಿತ್ತು. ಒಂದನ್ನು ಇನ್ನೊಂದು ಪೋಷಿಸಿತು.

ಅಂಥ ಮನೆಯಲ್ಲಿ ಬೆಳೆದವರಲ್ಲಿ ಒಬ್ಬರು ನಮ್ಮವರು. ಕಿತ್ತೂರು ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲದಲ್ಲಿ 1925ರ ಡಿಸೆಂಬರಿನಲ್ಲಿ ಹುಟ್ಟಿದ ಕೃಷ್ಣ ಗುಂಡೋಪಂತ ಗಿಂಡೆ ಅವರು. ಭಾತಖಂಡೆಯವರು ತೀರಿಕೊಂಡ 1936ರಲ್ಲಿಯೇ ಈ ಬಾಲಕ ಲಖನೌಕ್ಕೆ ಹೋಗಿ ರತನ್‌ಜನಕರರ ಮನೆ ಸೇರಿದ್ದು. ಹಿಂದಿ ಉರ್ದುಗಳ ಊರು. ಎಲುಬು ಕೊರೆಯುವ ಚಳಿ. ತಾಯಿತಂದೆಯರಿಂದ ಅಷ್ಟು ದೂರ. ಆದರೆ ಆ ಮನೆಯಲ್ಲಿ ಕಿವಿಗೆ ಬಿದ್ದದ್ದು ಯಾವುದನ್ನೂ ಹುಡುಗ ಮರೆಯಲಿಲ್ಲ. ಮುಂದೆ ಅವರ ನೆನಪಿನ ಭಂಡಾರದಲ್ಲಿ ನೂರಾರು ರಾಗಗಳೂ ಸಾವಿರಕ್ಕೂ ಮಿಕ್ಕಿದ ಬಂದಿಶ್‌ಗಳೂ ಇದ್ದುವೆಂದು ಸಂಗೀತಲೋಕ ಬೆರಗಾಯಿತು. ಅಪೂರ್ವವಾದ ರಾಗವೊಂದರ ಬಗ್ಗೆ ಸಂದೇಹ ಬಂದರೆ ದೊಡ್ಡ ದೊಡ್ಡ ಕಲಾವಿದರೂ ಗಿಂಡೆಯವರನ್ನು ಕೇಳುತ್ತಿದ್ದರು.

ಗಿಂಡೆಯವರು ಒಬ್ಬರೇ ಅಲ್ಲ. ಬೆಂಗಳೂರಿನಲ್ಲಿ 1919ರಲ್ಲಿ ಹುಟ್ಟಿದ ಚಿದಾನಂದ ನಗರಕರ್ ಅದೇ ಗುರುವಿನ ಶಿಷ್ಯರು. ಕನ್ನಡ ಕರಾವಳಿಯ ಮೂಲದ ಮನೆತನಗಳಿಗೆ ಸೇರಿದ ಎಸ್. ಸಿ. ಆರ್. ಭಟ್ ಮತ್ತು ದಿನಕರ ಕಾಯ್ಕಿಣಿ ಅದೇ ಶಾಲೆಯವರು. ಮುಂಬಯಿಯಲ್ಲಿ ಭಾರತೀಯ ವಿದ್ಯಾಭವನ 1946ರಲ್ಲಿ ಸಂಗೀತಶಾಲೆಯನ್ನು ತೆರೆದಾಗ ನಗರಕರ್ ಅದರ ಹೊಣೆ ಹೊತ್ತರು. 1951ರ ಹೊತ್ತಿಗೆ ಗಿಂಡೆಯವರೂ ಅಲ್ಲಿಗೆ ಪಾಠ ಹೇಳಲು ಬಂದರು. ಮುಂದೆ 1962ರಿಂದ ಅವರು ಸಯನ್‌ನಲ್ಲಿದ್ದ ವಲ್ಲಭ ಸಂಗೀತಾಲಯದಲ್ಲಿ ಕಲಿಸಿದರು. ಕಾಯ್ಕಿಣಿಯವರು ದಿಲ್ಲಿಯ ಆಕಾಶವಾಣಿಯಲ್ಲಿದ್ದು, ಆಮೇಲೆ ವಿದ್ಯಾಭವನದ ಶಾಲೆಗೆ ಪ್ರಾಂಶುಪಾಲರಾಗಿ ಬಂದರು. ಹೀಗೆ ಲಖನೌದಲ್ಲಿ ಒಂದೇ ಚಾವಡಿಯಲ್ಲಿ ಕೂತು ಕಲಿತವರು ಮುಂಬಯಿಯಲ್ಲಿ ಮತ್ತೆ ಒಟ್ಟಾದರು. ಯಾವ ಸಂಘದ ನಿಯಮಾವಳಿಯೂ ಇಲ್ಲದೆ, ಚಂದಾ ವಸೂಲಿಯೂ ಇಲ್ಲದೆ ಅದೇ ಒಂದು ಹಳೆಯ ವಿದ್ಯಾರ್ಥಿಗಳ ಸಂಘವಾಗಿತ್ತು. ಅವರನ್ನು ಕಟ್ಟಿಹಾಕಿದ್ದು ಗುರುವಿನ ಬಂದಿಶ್‌ಗಳು. ರತನ್‌ಜನಕರರು ರಚಿಸಿದ ನೂರಾರು ಗೀತಗಳನ್ನು ಅವರು 1974ರಲ್ಲಿ ತೀರಿಕೊಂಡ ಮೇಲೆಯೂ ಹಾಡಿ ಉಳಿಸಿದವರು ಇವರೇ.

ಇವರೆಲ್ಲ ಒಂದೇ ದಾರಿಯಲ್ಲಿ ನಡೆದವರು. ಬೇರೆ ದಾರಿ ಹಿಡಿದವರೂ ಇದ್ದಾರೆ. ಸುಮತಿ ಮುಟಾಟಕರ್ ಆಕಾಶವಾಣಿಯಲ್ಲಿ ದುಡಿದು, ಬಳಿಕ ದಿಲ್ಲಿ ವಿಶ್ವವಿದ್ಯಾಲಯದ ಸಂಗೀತ ವಿಭಾಗವನ್ನು ಬೆಳೆಸಿದರು. ಒಂದು ಶಾಲೆಯ ಹಳೆಯ ವಿದ್ಯಾರ್ಥಿನಿ ಇನ್ನೊಂದು ಶಾಲೆಯ ಬೇರಾದದ್ದು ಹೀಗೆ. ರೋಶನ್ ಎಂಬ ತರುಣ ಆಕಾಶವಾಣಿಯ ಮೂಲಕ ಹಾದು ಹಿಂದೀ ಚಲಚ್ಚಿತ್ರಗಳ ಸಂಗೀತ ನಿರ್ದೇಶಕನಾದ. ಲಖನೌದವನೇ ಆದ ತಲತ್ ಮಹಮೂದ್ ಅದೇ ಕಾಲೇಜಿನಲ್ಲಿ ನಮ್ಮ ಎಸ್. ಸಿ. ಆರ್. ಭಟ್ಟರ ಮುಂದೆ ಕೂತು ಸ್ವರ ತಿದ್ದಿಕೊಂಡ. ಮುಂದೆ ಗಜಲಿನ ಆ ನಡುಗುವ ಮೆಲುದನಿಯನ್ನು ಇಡೀ ದೇಶ ಕೇಳಿತು. ಅದನ್ನು ಕೇಳಿ ತಲೆದೂಗಿದ ಎಷ್ಟು ಕನ್ನಡಿಗರಿಗೆ ಆ ದನಿಯ ಹಿಂದೆ ಕರಾವಳಿಯ ಮನೆತನದ ಒಬ್ಬ ಮೇಷ್ಟರಿದ್ದಾರೆಂದು ಗೊತ್ತಿತ್ತು? ಚಲಚ್ಚಿತ್ರಕ್ಕೆ ಹೋದವರನ್ನು ಶಾಸ್ತ್ರೀಯರು ಕೆಟ್ಟವರ ಪಟ್ಟಿಗೆ ಸೇರಿಸುವುದುಂಟು. ಆದರೆ ರಾಗದ ಒಂದು ಎಳೆಯನ್ನು ಪಾನಪಟ್ಟಿಯ ಅಂಗಡಿಯ ರೇಡಿಯೊವರೆಗೂ ಕೊಂಡೊಯ್ದವರು ಅವರು ಎಂಬುದನ್ನು ಮರೆಯಲಾಗದು.

ಸಮುದ್ರದಾಚೆಗೆ ಹೋದವರ ಕಥೆ ಇನ್ನೂ ಸ್ವಾರಸ್ಯದ್ದು. ಸಿಂಹಳದಿಂದ ಹಲವು ತರುಣರು ಲಖನೌಕ್ಕೆ ಕಲಿಯಲು ಬರುತ್ತಿದ್ದರು. ಅವರಲ್ಲೊಬ್ಬರು ಸುನಿಲ್ ಶಾಂತ. ಕಲಿತು ಊರಿಗೆ ಮರಳಿ, ಸಿಂಹಳದ ನುಡಿಗೂ ನೆಲಕ್ಕೂ ಒಪ್ಪುವ ಹೊಸ ಹಾಡಿಗಾಗಿ ಹೆಣಗಿ, ಜನಪ್ರಿಯರಾದರು. 1952ರಲ್ಲಿ ರೇಡಿಯೊ ಸಿಲೋನ್ ತನ್ನ ಹಾಡುಗಾರರ ಮಟ್ಟವನ್ನು ಪರೀಕ್ಷಿಸಲು ಒಬ್ಬ ತಜ್ಞರನ್ನು ಭಾರತದಿಂದ ಕರೆಸಿತು. ಬಂದವರು ರತನ್‌ಜನಕರರೇ. ತಮ್ಮದೇ ಕಾಲೇಜಿನ ಮುಖ್ಯಸ್ಥರ ಮುಂದೆ ಆ ಪರೀಕ್ಷೆಗೆ ಕೂರಲು ಸುನಿಲ್ ಶಾಂತ ಒಪ್ಪಲಿಲ್ಲ. ಸಿಂಹಳದ ಹಾಡಿಗೆ ಉತ್ತರ ಹಿಂದೂಸ್ಥಾನದ ರಾಗಗಳು ಅಳತೆಗೋಲಾಗಲಾರವು ಎಂಬುದು ಅವರ ನಿಲುವು. ಅದರ ಫಲವಾಗಿ ವರ್ಷಗಟ್ಟಲೆ ಅವರ ದನಿ ಬಾನುಲಿಯಿಂದ ದೂರವಾಯಿತು. ಬದುಕು ಕಷ್ಟಕ್ಕೆ ಬಿತ್ತು. ವಿಚಿತ್ರವೆಂದರೆ, ಪರೀಕ್ಷಕರಾಗಿ ಬಂದ ರತನ್‌ಜನಕರರೂ ಅಲ್ಲಿ ಹೇಳಿದ್ದು, ನಿಮ್ಮ ಸಂಗೀತದ ತಳಪಾಯವನ್ನು ನಿಮ್ಮ ಜನಪದ ಗೀತೆಗಳಲ್ಲಿ ಹುಡುಕಿಕೊಳ್ಳಿ ಎಂಬ ಅರ್ಥದ ಮಾತನ್ನೇ. ಆ ಮಾತಿನ ಜಾಡಿನಲ್ಲಿ ಹೋದವರು ಅಮರದೇವ. 1950ರ ದಶಕದಲ್ಲಿ ಅವರು ಲಖನೌದಲ್ಲಿ ಕಲಿತು ಹಿಂದಿರುಗಿ, ರಾಗದ ಸಂಸ್ಕಾರವನ್ನೂ ಜನಪದದ ಧಾಟಿಯನ್ನೂ ಬೆಸೆದು, ಸಿಂಹಳ ಗೀತಕ್ಕೆ ತನ್ನದೇ ಆದ ಮುಖವೊಂದನ್ನು ತಂದುಕೊಟ್ಟರು. 2001ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಒಬ್ಬರು ಶಾಲೆಯ ಅಧಿಕಾರವನ್ನು ಧಿಕ್ಕರಿಸಿದರು. ಇನ್ನೊಬ್ಬರು ಶಾಲೆಯ ಪಾಠವನ್ನು ತಮ್ಮ ನೆಲಕ್ಕೆ ಒಗ್ಗಿಸಿದರು. ನನ್ನ ದೃಷ್ಟಿಯಲ್ಲಿ ಇಬ್ಬರೂ ಆ ಶಾಲೆಗೆ ಗೌರವ ತಂದವರೇ. ಎದುರು ನಿಂತು ಒಲ್ಲೆನೆನ್ನುವ ವಿದ್ಯಾರ್ಥಿಯನ್ನೂ ಶಾಲೆ ತನ್ನವನೆಂದು ಎಣಿಸಿಕೊಳ್ಳುವಷ್ಟು ದೊಡ್ಡದಾಗಿರಬೇಕು. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಸನ್ಮಾನಕ್ಕೆ ಬರುವವರು ಮಾತ್ರ ಇದ್ದರೆ ಅದು ಅರ್ಧ ಪಟ್ಟಿ.

ಈವರೆಗೆ ಹೇಳಿದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಹೆಸರಾದವರು. ಆದರೆ ಯಾವ ಸಂಗೀತ ವಿಭಾಗದಲ್ಲಿಯೇ ಆಗಲಿ ಇಂಥವರು ಕೆಲವರೇ. ಬಹುಮಂದಿಯ ಬಾಳು ಬೇರೆ. ಒಬ್ಬಾಕೆ ತಾಲೂಕಿನ ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕಿ. ಪ್ರಾರ್ಥನೆ, ನಾಡಗೀತೆ, ಸ್ವಾತಂತ್ರ್ಯದಿನದ ಸಮೂಹಗಾನ ಎಲ್ಲಕ್ಕೂ ಅವಳೇ. ಒಬ್ಬ ಹಾರ್ಮೋನಿಯಂ ನುಡಿಸುತ್ತ ನಾಟಕ ಕಂಪನಿಗಳ ಕೊನೆಯ ದಿನಗಳನ್ನು ಕಂಡವನು. ಒಬ್ಬಾಕೆ ಮದುವೆಯಾಗಿ ದೂರದ ಊರಿಗೆ ಹೋಗಿ, ತಂಬೂರಿಗೆ ಗವುಸು ಹಾಕಿ ಅಟ್ಟದ ಮೇಲಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಇಳಿಸಿದವಳು. ಒಬ್ಬ ಬ್ಯಾಂಕಿನ ಗುಮಾಸ್ತ. ಸಂಜೆ ಮನೆಯಲ್ಲಿ ಏಳೆಂಟು ಮಕ್ಕಳಿಗೆ ಪಾಠ ಹೇಳಿ, ಅವರನ್ನು ಜೂನಿಯರ್ ಸೀನಿಯರ್ ಪರೀಕ್ಷೆಗಳಿಗೋ ಗಾಂಧರ್ವ ಮಂಡಲದ ಪ್ರವೇಶಿಕಾ ಮಧ್ಯಮಾಗಳಿಗೋ ಕೂರಿಸುವವನು. ಇವರ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಕೇಳಿದರೆ ಅವರೇ ನಾಚಿಕೊಂಡು, ‘ನಂದೇನ್ರೀ, ಹಾಡೋದು ಬಿಟ್ಟು ಎಷ್ಟೋ ವರ್ಷ ಆಯ್ತು’ ಎಂದು ಮಾತು ಮರೆಸುತ್ತಾರೆ. ತಾವು ಸೋತವರೆಂಬ ಭಾವನೆ ಅವರಲ್ಲಿ ಬೇರೂರಿರುತ್ತದೆ.

ಈ ಭಾವನೆಗೆ ಕಾರಣ ಅವರಲ್ಲ. ವೇದಿಕೆ ಏರಿದವರನ್ನು ಮಾತ್ರ ನೆನೆಯುವ ನಮ್ಮ ಸಂಸ್ಥೆಗಳು ಅದನ್ನು ಅವರಲ್ಲಿ ಬಿತ್ತಿವೆ. ನಿಜವಾಗಿ ನೋಡಿದರೆ, ಸಂಗೀತ ವಿಭಾಗಕ್ಕೂ ಬೇರೆ ವಿಭಾಗಗಳಿಗೂ ಇಲ್ಲಿ ಒಂದು ದೊಡ್ಡ ಅಂತರವಿದೆ. ಚರಿತ್ರೆಯ ವಿಭಾಗದ ಹಳೆಯ ವಿದ್ಯಾರ್ಥಿಗಳೆಲ್ಲ ಮರೆಯಾದರೂ ಶಾಸನಗಳ ಸಂಪುಟಗಳು ಗ್ರಂಥಾಲಯದಲ್ಲಿ ಉಳಿಯುತ್ತವೆ. ಸಂಗೀತದ ಗ್ರಂಥಾಲಯವೆಂದರೆ ಕಂಠ. ಭಾತಖಂಡೆಯವರ ಆರು ಸಂಪುಟಗಳೂ ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಅದರಲ್ಲಿ ಬರೆದ ಸ್ವರಗಳನ್ನು ಮಾತ್ರ ನೋಡಿ ಹಾಡಿದರೆ ಎಲುಬಿನ ಹಂದರ ಕಂಡೀತೇ ಹೊರತು ರಾಗದ ಮುಖ ಕಾಣದು. ಎಲ್ಲಿ ನಿಷಾದವನ್ನು ಸ್ವಲ್ಪ ಏರಿಸಿ ಹಿಡಿಯಬೇಕು, ಎಲ್ಲಿ ಗಾಂಧಾರವನ್ನು ಮುಟ್ಟಿಯೂ ಮುಟ್ಟದಂತೆ ಜಾರಬೇಕು, ಮಾತು ಎಲ್ಲಿ ಸಮಕ್ಕೆ ಬಂದು ಬೀಳಬೇಕು, ಇದೆಲ್ಲ ಕಲಿಸಿದವರ ಬಾಯಿಂದ ಕಲಿತವರ ಕಿವಿಗೆ ಬರಬೇಕಾದದ್ದು. ಗಿಂಡೆಯವರ ಬೆಲೆ ಇದ್ದದ್ದು ಅಲ್ಲಿ. ಪುಸ್ತಕದಲ್ಲಿ ಅಚ್ಚಾದದ್ದನ್ನು ಅವರು ಬಾಯಲ್ಲಿ ಜೀವಂತವಾಗಿ ಇಟ್ಟುಕೊಂಡಿದ್ದರು. 1994ರಲ್ಲಿ ಅವರು ತೀರಿಕೊಂಡಾಗ ಶಿಷ್ಯರು ಕಲಿತು ಉಳಿಸಿಕೊಂಡದ್ದು ಉಳಿಯಿತು. ಯಾರೂ ಕೇಳಿ ಕಲಿಯದೆ ಬಿಟ್ಟದ್ದು ಅವರೊಡನೆಯೇ ಹೋಯಿತು.

ಆದ್ದರಿಂದ ಹಳೆಯ ವಿದ್ಯಾರ್ಥಿಯನ್ನು ಮರೆತ ಸಂಗೀತ ವಿಭಾಗ ತನ್ನ ಗ್ರಂಥಾಲಯದ ಬಾಗಿಲಿಗೆ ತಾನೇ ಬೀಗ ಹಾಕಿಕೊಂಡಂತೆ. ತಾಲೂಕಿನ ಆ ಶಿಕ್ಷಕಿಗೆ ಮೂವತ್ತು ವರ್ಷಗಳ ಹಿಂದೆ ಈಗಿಲ್ಲದ ಒಬ್ಬ ಗುರು ಕಲಿಸಿದ ಚೀಜೊಂದು ನೆನಪಿರಬಹುದು. ಆ ಗುರುವಿನ ಧ್ವನಿಮುದ್ರಣ ನಮ್ಮಲ್ಲಿ ಇದ್ದೀತು. ಆದರೆ ಅವರು ಶಿಷ್ಯರನ್ನು ಹೇಗೆ ತಿದ್ದುತ್ತಿದ್ದರು, ಮೊದಲು ಏನನ್ನು ಕಲಿಸುತ್ತಿದ್ದರು, ಯಾವುದನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತಿದ್ದರು ಎಂಬುದು ಆಕೆಗೆ ಗೊತ್ತು, ಮುದ್ರಣಕ್ಕೆ ಗೊತ್ತಿಲ್ಲ.

ಈಗ ನಮ್ಮ ಧಾರವಾಡದ ಕಡೆಗೆ ಬರೋಣ. ಲಖನೌದಲ್ಲಿ ಕಾಲೇಜಿನೊಳಗಿಂದ ಒಂದು ಗುರುಮನೆ ಹುಟ್ಟಿಕೊಂಡರೆ, ಧಾರವಾಡದಲ್ಲಿ ಆದದ್ದು ಅದಕ್ಕೆ ತಿರುಗುಮುರುಗು. ಇಲ್ಲಿ ಗುರುಮನೆಗಳು ಮೊದಲೇ ಇದ್ದುವು; ವಿಶ್ವವಿದ್ಯಾಲಯ ಆಮೇಲೆ ಬಂತು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಧಾರವಾಡದ ಬಾನುಲಿ ಕೇಂದ್ರ ಆರಂಭವಾದದ್ದು 1950ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಅವರಲ್ಲಿ ಗ್ವಾಲಿಯರದ ಪಾಠವನ್ನೂ, ಮಂಜಿಖಾನ್ ಮತ್ತು ಬುರ್ಜಿಖಾನರಲ್ಲಿ ಜಯಪುರದ ಪಾಠವನ್ನೂ ಮುಗಿಸಿ ಪಕ್ವವಾಗಿದ್ದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಿರಾಣಾದ ಆಲಾಪವನ್ನು ತಮ್ಮದಾಗಿಸಿಕೊಂಡಿದ್ದರು. ಮನಸೂರರು ಎಳವೆಯಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದವರು. ಗಂಗೂಬಾಯಿಯವರ ಶಾಲೆಯ ಓದು ಪ್ರಾಥಮಿಕ ತರಗತಿಗಳನ್ನು ದಾಟಲಿಲ್ಲ. ಇಂಥವರನ್ನು ವಿಶ್ವವಿದ್ಯಾಲಯ ತನ್ನ ಸಂಗೀತ ವಿಭಾಗಕ್ಕೆ ಕರೆತಂದು ಕೂರಿಸಿತು. ಗಂಗೂಬಾಯಿಯವರು ಗೌರವ ಪ್ರಾಧ್ಯಾಪಕಿಯಾದರು. ಇಂದು ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿದೆ. ಅವರ ಕೈಯಲ್ಲಿ ಶಾಲೆಯ ಅಂಕಪಟ್ಟಿಗಳಿರಲಿಲ್ಲ; ಪದವಿಗಳನ್ನು ಹಂಚುವ ಸಂಸ್ಥೆಯೊಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತನ್ನು ಇಲ್ಲಿ ಬಿಡಲಾಗದು. ಪಂಚಾಕ್ಷರಿ ಗವಾಯಿಗಳು ನೆಟ್ಟು ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಲ್ಲಿ ಶುಲ್ಕವಿಲ್ಲ. ಅನ್ನವೂ ಅಕ್ಷರವೂ ಸ್ವರವೂ ಒಟ್ಟಿಗೆ ಸಿಗುತ್ತವೆ. ಅಲ್ಲಿ ಹನ್ನೆರಡು ವರ್ಷ ಪುಟ್ಟರಾಜರ ಪಾದದಡಿಯಲ್ಲಿ ಕಲಿತ ಎಂ. ವೆಂಕಟೇಶಕುಮಾರರು ಧಾರವಾಡದ ವಿಶ್ವವಿದ್ಯಾಲಯ ಸಂಗೀತ ಮಹಾವಿದ್ಯಾಲಯದಲ್ಲಿ 33 ವರ್ಷ ಪಾಠ ಹೇಳಿದರು. ದೇಶದ ದೊಡ್ಡ ವೇದಿಕೆಗಳು ಅವರನ್ನು ಗುರುತಿಸುವುದಕ್ಕೆ ಎಷ್ಟೋ ಮೊದಲೇ ಧಾರವಾಡದ ತರಗತಿಯ ಮಕ್ಕಳಿಗೆ ಆ ದನಿ ದಿನವೂ ಕೇಳಸಿಗುತ್ತಿತ್ತು. ಆ ತರಗತಿಯಿಂದ ಹೊರಬಂದ ಎಲ್ಲರೂ ಗವಾಯಿಗಳಾಗಿಲ್ಲ. ಆದರೆ ಶುದ್ಧವಾಗಿ ಹಚ್ಚಿದ ಷಡ್ಜ ಎಂದರೇನೆಂದು ಅವರ ಕಿವಿಗೆ ಗೊತ್ತಿದೆ. ಹಾವೇರಿಯಲ್ಲೋ ಯಲ್ಲಾಪುರದಲ್ಲೋ ಅವರು ಮಕ್ಕಳಿಗೆ ಪಾಠ ಹೇಳುವಾಗ ಆ ಷಡ್ಜವನ್ನೇ ಅಳತೆಯಾಗಿ ಇಟ್ಟುಕೊಂಡಿರುತ್ತಾರೆ.

ಇಂಥ ಹಳೆಯ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕಾಣುವುದು ಎಲ್ಲಿ? ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಅಹೋರಾತ್ರಿ ಸಂಗೀತದಲ್ಲಿ, ಗದಗಿನ ಆಶ್ರಮದ ಪುಣ್ಯಸ್ಮರಣೆಯಲ್ಲಿ. ನಡುರಾತ್ರಿಯ ರಾಗ ಮುಗಿದು ಬೆಳಗಿನ ರಾಗ ಮೊದಲಾಗುವ ನಡುವೆ, ಚಹದ ಬಟ್ಟಲು ಹಿಡಿದು, ಯಾರು ಎಲ್ಲಿದ್ದಾರೆ, ಯಾರ ಮಗ ತಬಲಾ ಹಿಡಿದ, ಯಾರ ದನಿ ಹೋಯಿತು ಎಂಬ ಸುದ್ದಿಗಳ ವಿನಿಮಯ ಅಲ್ಲಿ ನಡೆಯುತ್ತದೆ. ಇನ್ನೊಂದು ಸುದ್ದಿವಾಹಿನಿ ಈ ಬಾನುಲಿಯೇ. ‘ಈಗ ಇವರಿಂದ ಖ್ಯಾಲ ಗಾಯನ’ ಎಂದು ಉದ್ಘೋಷಕರು ಹೇಳುವ ಒಂದು ಹೆಸರು, ದೂರದ ಊರಿನಲ್ಲಿ ಸೊಪ್ಪು ಹೆಚ್ಚುತ್ತ ಕೂತ ಸಹಪಾಠಿಗೆ ಒಂದು ಕಾಗದ ಬಂದಷ್ಟೇ ಸಂತೋಷ ಕೊಟ್ಟದ್ದುಂಟು. ಎಷ್ಟೋ ಸಂಗೀತ ವಿಭಾಗಗಳ ಹಳೆಯ ವಿದ್ಯಾರ್ಥಿಗಳ ವಾರ್ತಾಪತ್ರವಾಗಿ ಆಕಾಶವಾಣಿ ತನಗರಿವಿಲ್ಲದೆಯೇ ದುಡಿದಿದೆ.

ಆದರೆ ಈಗ ಒಂದು ತೊಡಕು ಎದುರಾಗಿದೆ. ಅಧ್ಯಾಪಕರ ನೇಮಕಕ್ಕೆ ಪದವಿ, ಅರ್ಹತಾಪರೀಕ್ಷೆ, ಸಂಶೋಧನಪ್ರಬಂಧಗಳು ಮುಖ್ಯವಾಗಿವೆ. ಅವು ಬೇಡವೆಂದು ನಾನು ಹೇಳಲಾರೆ. ಶಾಸ್ತ್ರವನ್ನು ಓದಿದ ಸಂಗೀತಗಾರ ಬೇಕೆಂಬುದು ಭಾತಖಂಡೆಯವರ ಕನಸೇ ಆಗಿತ್ತು. ಆದರೆ ಆ ಅಳತೆಯಿಂದ ಮಾತ್ರ ಅಳೆದರೆ ಮನಸೂರರು ಇಂದು ಅರ್ಜಿಯನ್ನೂ ಹಾಕುವಂತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳಲ್ಲಿ ಸಂಗೀತಕ್ಕಾಗಿ ಒಂದು ಪಕ್ಕದ ಬಾಗಿಲನ್ನು ಇಟ್ಟಿದ್ದಾರೆ. ಹೆಸರಾಂತ ಗುರುವಿನಲ್ಲಿ ಕಲಿತು, ಆಕಾಶವಾಣಿಯ ಉನ್ನತ ಶ್ರೇಣಿ ಪಡೆದ ವೃತ್ತಿಕಲಾವಿದರನ್ನು ಪರಿಗಣಿಸಲು ಅಲ್ಲಿ ಅವಕಾಶವಿದೆ. ಆ ಬಾಗಿಲನ್ನು ತೆರೆಯುವ ಮನಸ್ಸು ಬೇಕು. ಇನ್ನೊಂದು ತೊಡಕು ಕಾಲದ್ದು. ಆರು ತಿಂಗಳಿಗೊಂದು ಪರೀಕ್ಷೆ, ಒಂದೊಂದು ಪರೀಕ್ಷೆಗೆ ಇಷ್ಟು ರಾಗವೆಂಬ ಲೆಕ್ಕ. ಒಂದೇ ಯಮನ್ ರಾಗವನ್ನು ವರ್ಷವಿಡೀ ಹಾಡಿಸುತ್ತಿದ್ದ ಗುರುಗಳ ಪದ್ಧತಿಗೂ ಇದಕ್ಕೂ ಹೊಂದಿಕೆ ಕಷ್ಟ. ಲಖನೌದಲ್ಲಿ ಈ ಕೊರತೆಯನ್ನು ತುಂಬಿದ್ದು ಸಂಜೆಯ ಆ ತೆರೆದ ಬಾಗಿಲು. ಅಂಥ ಬಾಗಿಲನ್ನು ಯಾವ ಸುತ್ತೋಲೆಯಿಂದಲೂ ತೆರೆಸಲಾಗದು. ಅಧ್ಯಾಪಕನಿಗೆ ತಾನು ಯಾರ ಶಿಷ್ಯ ಎಂಬ ನೆನಪು ಹಸಿಯಾಗಿದ್ದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳನ್ನು ನಾನು ಸೂಚಿಸುತ್ತಿಲ್ಲ. ಪ್ರತಿಯೊಂದು ಸಂಗೀತ ವಿಭಾಗವೂ ತನ್ನಲ್ಲಿ ಕಲಿತವರ ಹೆಸರು, ಊರು, ಅವರಿಗೆ ಕಲಿಸಿದವರು ಯಾರು ಎಂಬ ವಿವರಗಳ ಒಂದು ದಫ್ತರವನ್ನು ಇಡಲಿ. ಗೆದ್ದವರು, ಬಿಟ್ಟವರು, ಜಗಳವಾಡಿ ಹೋದವರು ಎಂಬ ಭೇದ ಅದರಲ್ಲಿ ಬೇಡ. ವರ್ಷಕ್ಕೊಂದು ದಿನ ಅವರನ್ನು ಕರೆಯಲಿ. ಅಂದು ಹಾರತುರಾಯಿಗಳು ಬೇಡ, ಭಾಷಣಗಳೂ ಬೇಡ. ಬಂದವರು ಈಗಿನ ವಿದ್ಯಾರ್ಥಿಗಳ ನಡುವೆ ಚಾಪೆಯ ಮೇಲೆ ಕೂತು, ತಮಗೆ ನೆನಪಿರುವ ಒಂದೊಂದು ಚೀಜನ್ನು ಹೇಳಿಕೊಡಲಿ. ದನಿ ಒಡೆದಿದ್ದರೂ ಸರಿಯೇ. ಅದನ್ನು ಮುದ್ರಿಸಿಕೊಳ್ಳಲು ಈಗ ಜೇಬಿನಲ್ಲಿರುವ ಫೋನೇ ಸಾಕು. ಅಂದು ಬಂದ ಶಿಕ್ಷಕಿ ತನ್ನ ಊರಿಗೆ ಮರಳುವಾಗ ತಾನು ಸೋತವಳೆಂಬ ಭಾರವನ್ನು ಅಲ್ಲಿಯೇ ಇಳಿಸಿ ಹೋಗಿರುತ್ತಾಳೆ. ಮರುದಿನದಿಂದ ಅವಳ ಶಾಲೆಯ ಪ್ರಾರ್ಥನೆಯ ಶ್ರುತಿಯೂ ಸ್ವಲ್ಪ ನೇರ್ಪಾದೀತು.

ಬರಲಾಗದವರಿಗೆ ಒಂದು ಕಾಗದವನ್ನಾದರೂ ಬರೆಯಬಹುದು. ನೀವೀಗ ಯಾವ ಹುದ್ದೆಯಲ್ಲಿದ್ದೀರಿ, ಯಾವ ಪ್ರಶಸ್ತಿ ಪಡೆದಿರಿ ಎಂದು ಅದರಲ್ಲಿ ಕೇಳುವುದು ಬೇಡ. ನಮ್ಮಲ್ಲಿ ಕಲಿತದ್ದರಲ್ಲಿ ನೀವು ಇಂದಿಗೂ ಹಾಡಿಕೊಳ್ಳುವುದು ಯಾವುದು, ಅದನ್ನು ಯಾರಿಗೆ ಕಲಿಸಿದ್ದೀರಿ ಎಂಬ ಎರಡು ಪ್ರಶ್ನೆಗಳಿದ್ದರೆ ಸಾಕು. ಬಂದ ಉತ್ತರಗಳನ್ನು ಒಂದೆಡೆ ಕಟ್ಟಿಟ್ಟರೆ, ಅಲ್ಲಿ ಕಲಿತವರು ಮುಂದೆ ಏನಾದರು ಎಂದು ಕೇಳುವವರ ಕೈಗೆ ಆ ಕಟ್ಟನ್ನೇ ಕೊಡಬಹುದು.